ಎರಡು ಬಾಗಿಲಿಗೆ ಒಂದೇ ಮೆಟ್ಟಿಲು

ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಸುಣ್ಣವೂ ಮಣ್ಣೂ ಕಲೆತಂಥದ್ದು, ಅದು ಮೂಗಿಗೆ ಬಡಿದರೆ ಈಗಲೂ ನನಗೆ ಒಂಬತ್ತೇ ವರ್ಷ. ಮೊನ್ನೆ ಆಸ್ಟಿನ್ನಿನ ನಮ್ಮ ಅಂಗಳಕ್ಕೆ ಪೈಪ್ ಹಿಡಿದು ನೀರು ಬಿಡುತ್ತಿದ್ದೆ. ವಾಸನೆ ಎದ್ದಿತು, ಜೊತೆಗೆ ನಾನು ಬೆಳೆದ ಇರ್ವಿಂಗ್ ಊರಿನ ಆ ಹಳೆಯ ಮನೆಸಾಲೂ ಎದ್ದು ಬಂತು.

ಆರು ಇಟ್ಟಿಗೆ ಮನೆಗಳು, ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತಿದ್ದವು. ನಮ್ಮ ಕುಕ್ಕರಿನ ಸೀಟಿ ಪಕ್ಕದ ಐಲ್ಸಾ ಆಂಟಿಗೆ ಕೇಳುತ್ತಿತ್ತು, ಅವರ ಕೆಮ್ಮು ನಮಗೆ. ಎರಡೂ ಬಾಗಿಲಿಗೆ ಒಂದೇ ಅಗಲವಾದ ಮೆಟ್ಟಿಲು. ಆಂಟಿ ಎಪ್ಪತ್ತು ದಾಟಿದವರು, ಮದುವೆಯಾಗಿ ಟೆಕ್ಸಾಸಿಗೆ ಬಂದವರು. ತಾವು ಹುಟ್ಟಿದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬೀದಿಗೆ ಬೀದಿಯೇ ಹೀಗೆ ಅಂಟಿಕೊಂಡ ಕಲ್ಲಿನ ಮನೆಗಳಂತೆ, ಹೊಗೆ ಹಿಡಿದು ಕಪ್ಪಾದವು. ಎಂಟು ಸಂಸಾರಕ್ಕೆ ಒಂದೇ ಮೆಟ್ಟಿಲಸಾಲು, ತೊಳೆಯುವುದಕ್ಕೆ ಸರದಿಯಂತೆ. ನಮ್ಮ ಸಾಲು ಆ ಬೀದಿಯ ಹಾಗೆ ಕಂಡಿತೆಂದೇ ಅವರು ಇಲ್ಲಿ ಮನೆ ಹಿಡಿದಿದ್ದರು.

ಆ ವರ್ಷ ಹುಬ್ಬಳ್ಳಿಯಿಂದ ಅಜ್ಜಿ ಆರು ತಿಂಗಳಿಗೆ ಬಂದಳು, ಸೂಟ್‌ಕೇಸಿನಲ್ಲಿ ರಂಗೋಲಿ ಪುಡಿ ತುಂಬಿಕೊಂಡು. ದಿನಾ ಬೆಳಿಗ್ಗೆ ಆ ಮೆಟ್ಟಿಲು ತೊಳೆದು ಈ ತುದಿಯಿಂದ ಆ ತುದಿಗೆ ರಂಗೋಲಿ ಹಾಕುತ್ತಿದ್ದಳು. ನಾನೋ, ಮಹಾ ಜಂಭದ ಹುಡುಗಿ! ಕ್ಲಾಸಿನ ಗೆಳತಿಯೊಬ್ಬಳು ಅದನ್ನು ನೋಡಿ, ಯಾರೋ ಹಿಟ್ಟು ಚೆಲ್ಲಿದ್ದಾರೆ ಎಂದು ನಕ್ಕಿದ್ದೇ ಸಾಕಾಯಿತು. ಅವಳು ಮತ್ತೆ ಬರುವ ಶನಿವಾರ ಪೈಪ್ ಹಿಡಿದು ಎಲ್ಲವನ್ನೂ ತೊಳೆದುಬಿಟ್ಟೆ.

ಚಹಾ ಕುಡಿದು ಹೊರಗೆ ಬಂದ ಅಜ್ಜಿ ಒದ್ದೆ ಮೆಟ್ಟಿಲನ್ನೇ ನೋಡುತ್ತ ನಿಂತಳು. "ಐಲಸವ್ವಗ ಸೇರಲಿಲ್ಲ ಅನಸ್ತದ. ಹೋಗ್ಲಿ ಬಿಡು, ಮೆಟ್ಟಲಾ ಆಕೀದೂ ಹೌದಲ್ಲ," ಎಂದಳು. ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ರಂಗೋಲಿ ದೇವರ ಮುಂದೆ ಅಂಗೈಯಗಲಕ್ಕೆ ಇಳಿಯಿತು.

ವಾರದ ಮೇಲೆ ಐಲ್ಸಾ ಆಂಟಿಯೇ ಬಾಗಿಲು ಬಡಿದರು. "ನಿನ್ನ ಅಜ್ಜಿ ಮೆಟ್ಟಿಲ ಮೇಲೆ ಯಾಕೆ ಬರೆಯುತ್ತಿಲ್ಲ? ನನ್ನಿಂದ ಏನಾದರೂ ತಪ್ಪಾಯಿತೇ, ಕೇಳು," ಎಂದರು ಇಂಗ್ಲಿಷಿನಲ್ಲಿ. "ಏನಂತಾಳವಾ?" ಎಂದಳು ಅಜ್ಜಿ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು, ಇಬ್ಬರ ನಡುವೆ ಮಾತು ದಾಟಿಸುವವಳು ನಾನೊಬ್ಬಳೇ. ಅಜ್ಜಿಗೆ ಮೊಣಕಾಲು ನೋವು ಎಂದು ಆಂಟಿಗೆ ಹೇಳಿದೆ. ಸುಮ್ಮನೆ ಮಾತಾಡಿಸಲು ಬಂದಿದ್ದಾರೆ ಎಂದು ಅಜ್ಜಿಗೆ ಹೇಳಿದೆ. ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಐಲ್ಸಾ ಆಂಟಿ ಮೊಣಕಾಲೂರಿ ಕೂತಿದ್ದಾರೆ! ಮೆಟ್ಟಿಲು ತೊಳೆದು, ಅಂಚಿನುದ್ದಕ್ಕೂ ಬಿಳಿ ಚಾಕ್‌ಪೀಸಿನಲ್ಲಿ ಸುರುಳಿ ಸುರುಳಿ ಬಳ್ಳಿ ಎಳೆಯುತ್ತಿದ್ದಾರೆ. ಗ್ಲಾಸ್ಗೋದಲ್ಲಿ ಅವರ ಅಮ್ಮ ತೊಳೆದ ಮೆಟ್ಟಿಲಿನ ಅಂಚಿಗೆ ಬಿಳಿಮಣ್ಣಿನಲ್ಲಿ ಹೀಗೇ ಬರೆಯುತ್ತಿದ್ದರಂತೆ. ಅಜ್ಜಿ ಪುಡಿಯ ಡಬ್ಬಿ ತಂದು ಪಕ್ಕದಲ್ಲೇ ಕೂತಳು, ಆ ಬಳ್ಳಿಗೆ ಹೂವು ಎಲೆ ಹಾಕಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಳಗೆ ಬಂದಾಗ ಅಜ್ಜಿಯ ಕಣ್ಣು ತುಂಬಿತ್ತು. "ಪಾಪ, ತಪ್ಪಾತು ಅಂತ ತಾನ ಹಾಕ್ಯಾಳ ನೋಡು," ಎಂದಳು.

ಊರಿಗೆ ಹೋದ ಮೇಲೂ ಪ್ರತಿ ಫೋನಿನಲ್ಲಿ ಅದೇ ಮಾತು. "ಐಲಸವ್ವ ಹೆಂಗದಾಳ? ರಂಗೋಲಿದು ನಾ ಮನಸ್ಸಿನಾಗ ಇಟ್ಕೊಂಡಿಲ್ಲಂತ ಹೇಳು." ಹೇಳ್ತೀನಜ್ಜಿ ಎನ್ನುತ್ತಿದ್ದೆ. ಹೇಳಲಿಲ್ಲ. ಆಂಟಿಯೋ, ಅಜ್ಜಿಯ ಮೊಣಕಾಲು ಹೇಗಿದೆ ಎಂದು ಕೊನೆತನಕ ಕೇಳಿದರು.

ಇಬ್ಬರೂ ತೀರಿಹೋದರು. ಆ ಸಾಲನ್ನೂ ಕೆಡವಿ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಮೆಟ್ಟಿಲಿದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ಮೊನ್ನೆ ಪೈಪಿನ ನೀರು ಹರಿಯುತ್ತಲೇ ಇತ್ತು. ನಮ್ಮ ಅಂಗಳದಲ್ಲಿ ಅಳಿಸುವುದಕ್ಕೆ ಏನೂ ಇರಲಿಲ್ಲ. "ಅಜ್ಜಿ, ಅಳಿಸಿದಾಕಿ ನಾನ. ಐಲಸವ್ವ ಅಲ್ಲ," ಎಂದು ಬಾಯಿಬಿಟ್ಟು ಹೇಳಿದೆ.