ಚೊಗರಿನ ಕೈಯೂ ತೊಂಬತ್ತೇಳರ ಅಂಕಿಯೂ

೨೦೨೨ನೆಯ ಇಸವಿ ನವೆಂಬರ್ ೧೭, ಗುರುವಾರ. ಕಾರ್ತಿಕ ಮಾಸ, ಕೃಷ್ಣಪಕ್ಷ. ಶರದೃತು ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಒಂಬತ್ತೂವರೆಯಾದರೂ ಸೊರಬದ ಮೇಲಿನ ಮಂಜು ಕರಗಿರಲಿಲ್ಲ.

ಬಸ್ ನಿಲ್ದಾಣದ ಹಿಂಬದಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಶಶಿರೇಖಾ ಹಿರಿಯ ನರ್ಸು. ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ, ೧೯೭೮ರ ಜೂನ್ ೪ರಂದು. ಕೆಲಸಕ್ಕೆ ಸೇರಿದ್ದು ೨೦೦೧ರ ಆಗಸ್ಟ್ ೧ರಂದು. ಆಳು ನೋಡಿ ಪರೀಕ್ಷೆ ಮಾಡುವವಳೆಂದು ಆಕೆಗೆ ಹೆಸರಿತ್ತು. ಎಳೆಮಕ್ಕಳಾದರೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಎದೆಗೆ ಇಡುವಳು. ಗಾಬರಿಯ ಮುದುಕರಾದರೆ ನಾಡಿ ಹಿಡಿದವಳಂತೆ ಕುಳಿತು, ಅವರಿಗೆ ತಿಳಿಯದಂತೆ ಉಸಿರು ಎಣಿಸುವಳು. ದಪ್ಪ ತೋಳಿನವರಿಗೆ ಬಿ.ಪಿ.ಯ ಅಗಲ ಪಟ್ಟಿಯನ್ನೇ ಹುಡುಕಿ ತರುವಳು. ಆ ಹೆಸರಿನ ಬಗ್ಗೆ ಒಳಗೊಳಗೇ ಬಿಂಕವೂ ಇತ್ತು.

ಅಂದು ಮೊದಲು ಬಂದವರು ವರದಮ್ಮ, ಐವತ್ತೆಂಟರ ಹೆಂಗಸು. ಜೊತೆಗೆ ಗಂಡ ರಾಜಪ್ಪ. ಮೂರು ವಾರದಿಂದ ಅಡಿಕೆ ಸುಲಿದು ಆಕೆಯ ಬೆರಳುಗಳು ಕಾಯಿಯ ರಸದ ಚೊಗರು ಹತ್ತಿ ಉಗುರಿನವರೆಗೂ ಕಪ್ಪಾಗಿದ್ದವು.

“ಮಲ್ಗಿದ್ರೆ ಉಸ್ರು ಕಟ್ತದೆ ಕಣ್ರೀ. ಎದ್ದು ಕೂತ್ರೆ ಸ್ವಲ್ಪ ಹಗುರ.”

ಶಶಿರೇಖಾ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಳು. ಎಂಬತ್ನಾಲ್ಕು ತೋರಿಸಿತು; ತೊಂಬತ್ತೈದರ ಮೇಲಿರಬೇಕಿತ್ತು.

“ನಿಮ್ಮ ಚೊಗರು ನೋಡಿ ಮಿಷನ್ನೇ ಹೆದ್ರೇತಿ ನೋಡ್ರಿ ವರದಮ್ಮ,” ಎಂದು ನಕ್ಕಳು. ಬಣ್ಣ ಹತ್ತಿದ ಉಗುರಿನಲ್ಲಿ ಅಂಕಿ ತಪ್ಪುವುದುಂಟು. ಆಕೆ ಅದನ್ನು ಎಷ್ಟೋ ಬಾರಿ ಕಂಡಿದ್ದಳು.

ಪುಸ್ತಕ ಹಿಡಿದು ನಿಂತಿದ್ದ ಕಿರಿಯ ನರ್ಸು ಸಂಗೀತ, “ಕಾಲ್ಬೆರಳಿಗೆ ಹಾಕಿ ನೋಡ್ಲಾ ಸಿಸ್ಟರ್?” ಎಂದಳು.

“ಇಪ್ಪತ್ತೊಂದು ವರ್ಷ ನಾನೇನು ಇಲ್ಲಿ ಕಸ ಗುಡಿಸಿದೀನೇನೇ? ತೊಂಬತ್ತೇಳು ಅಂತ ಬರಿ.”

ಸಂಗೀತ ಬರೆದಳು. ವರದಮ್ಮ ಚಳಿಗೆ ಹೊದ್ದ ಶಾಲಿನ ಮೇಲಿಂದಲೇ ಶಶಿರೇಖಾ ಎದೆಯ ಮುಂಭಾಗವನ್ನಷ್ಟೇ ಆಲಿಸಿದಳು. ಬೆನ್ನ ಕಡೆಗೆ ಹೋಗಲಿಲ್ಲ. ವೈದ್ಯರು ಪುಸ್ತಕದ ಅಂಕಿಯನ್ನು ನಂಬಿ ಕೆಮ್ಮಿಗೆ ಔಷಧ ಬರೆದು ಕಳಿಸಿದರು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ರಾಜಪ್ಪ ಹೆಂಡತಿಯನ್ನು ಆಟೋದಲ್ಲಿ ಹಾಕಿಕೊಂಡು ಓಡಿಬಂದ. ಬಸ್ಸಿಗೆ ಕಾಯುತ್ತಿದ್ದವಳು ಕುಸಿದಿದ್ದಳು. ಶಶಿರೇಖಾ ವರದಮ್ಮನ ಸೀರೆಯ ಅಂಚು ಸರಿಸಿ ಕಾಲು ನೋಡಿದಳು. ಎರಡೂ ಪಾದ ಬಾತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೆಯೇ ನಿಂತಿತು. ಚೊಗರು ಸೋಕದ ಕಾಲ್ಬೆರಳಿನಲ್ಲಿ ಅಂಕಿ ಎಪ್ಪತ್ತೊಂಬತ್ತು. ಶಾಲು ತೆಗೆದು ಬೆನ್ನಿಗೆ ಕಿವಿಗೊಟ್ಟರೆ ಎರಡೂ ಬದಿಯ ಬುಡದಲ್ಲಿ ನೀರಿನ ಚಿರಚಿರ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ಇಳಿದಿತ್ತು.

ಆಮ್ಲಜನಕ ಹಾಕಿ, ಸೂಜಿಮದ್ದು ಕೊಟ್ಟು, ಶಿವಮೊಗ್ಗಕ್ಕೆ ಆಂಬ್ಯುಲೆನ್ಸ್ ಕರೆಸಿದ ಮೇಲೆ ವೈದ್ಯರು ಪುಸ್ತಕ ತೆರೆದರು.

“ತೊಂಬತ್ತೇಳಂತೆ! ಸಂಗೀತ, ಇದು ನಿನ್ನ ಅಕ್ಷರ ಅಲ್ವಾ? ಕಣ್ಣು ಎಲ್ಲಿಟ್ಕೊಂಡಿದ್ದೆ?”

ಸಂಗೀತ ಒಮ್ಮೆ ಶಶಿರೇಖಾಳ ಮುಖ ನೋಡಿದಳು. ಆಮೇಲೆ, “ಹೌದು ಸರ್, ನಂದೇ ಅಕ್ಷರ,” ಎಂದಳು.

ಶಶಿರೇಖಾ ಆಮ್ಲಜನಕದ ನಳಿಕೆಯನ್ನು ಸರಿಪಡಿಸುತ್ತಿದ್ದಳು. ಅದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ರಾಜಪ್ಪ ಕೈಮುಗಿದು, “ಸಿಸ್ಟರಮ್ಮಾ, ನೀವಿದ್ರಿ ಅಂತ ನನ್ನ ಹೆಂಡ್ತಿ ಉಳ್ಕಂಡ್ಲು,” ಎಂದ. ಮುಖದ ಮೇಲೆ ಉಗಿದಿದ್ದರೂ ಆಕೆ ತಡೆದುಕೊಳ್ಳುತ್ತಿದ್ದಳು. ಆ ಜೋಡಿಸಿದ ಕೈಗಳನ್ನು ನೋಡಲಾಗದೆ ತಲೆ ತಗ್ಗಿಸಿದಳು.

ಮರುದಿನ, ನವೆಂಬರ್ ೧೮ರಂದು, ನಡೆದದ್ದನ್ನು ನಡೆದಂತೆ ಕಾಗದದಲ್ಲಿ ಬರೆದು ವೈದ್ಯರಿಗೆ ಕೊಟ್ಟಳು. ಅವರು ಸಂಗೀತಳ ಕ್ಷಮೆ ಕೇಳಿದರು. ಶಶಿರೇಖಾ ಒಂದು ತಿಂಗಳು ರೋಗಿಗಳನ್ನು ಒಬ್ಬಳೇ ಪರೀಕ್ಷಿಸಕೂಡದೆಂದು ವಿಧಿಸಿದರು. ವರದಮ್ಮ ಶಿವಮೊಗ್ಗದಲ್ಲಿ ಎಂಟು ದಿನವಿದ್ದು ೨೫ರಂದು ಮನೆಗೆ ಮರಳಿದರು. ೨೭ರ ಭಾನುವಾರ ಶಶಿರೇಖಾ ಅವರ ಮನೆಗೆ ಹೋಗಿ ತಪ್ಪು ಹೇಳಿಕೊಂಡಳು. ರಾಜಪ್ಪ ಪೂರ್ತಿ ಕೇಳಿ, ಎದ್ದು ಹೊರಗೆ ಹೋದ. ಸಂಗೀತ ಡಿಸೆಂಬರ್ ೩೧ರಂದು ಕೆಲಸ ಬಿಟ್ಟು ಶಿಕಾರಿಪುರದ ಬೇರೊಂದು ಆಸ್ಪತ್ರೆಗೆ ಸೇರಿದಳು.