ಮಳವಳ್ಳಿ ಬಸ್ಸಿನ ಮುಂದಿನ ಸೀಟು

ಮದ್ದೂರಿಗೆ ಹೊರಡುವ ಬಸ್ಸು ಇನ್ನೂ ಮಳವಳ್ಳಿ ಸ್ಟ್ಯಾಂಡಿನಲ್ಲೇ ನಿಂತಿತ್ತು. ಹಿಂದಿನ ರಾತ್ರಿ ಊರ ನಾಟಕದಲ್ಲಿ ರಾಣಿ ಪಾರ್ಟು ಮಾಡಲು ಮಂಡ್ಯದಿಂದ ಕರೆಸಿದ್ದ ಹೆಂಗಸು ಮುಂದಿನ ಸೀಟಿನಲ್ಲಿ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದಳು. ಅವಳ ಹಾಡಿಗೆ 'ಒನ್ಸ್ ಮೋರ್' ಎಂದು ಗಂಟಲು ಹರಿದುಕೊಂಡಿದ್ದ ಗೌಡರು ಹೆಂಡತಿಯೊಡನೆ ಹತ್ತಿದರು.

"ಏಳಮ್ಮೀ, ಹಿಂದಕ್ಕೋಗು. ಮರ್ವಾದಸ್ತರು ಕೂರ್ಬೇಕು."

ಹಿಂದಿನ ಸೀಟಿನಲ್ಲಿದ್ದ ನನಗೆ ಮೈ ಉರಿಯಿತು. "ರಾತ್ರಿ ಇವಳಿಗೇ ಹಾರ ಹಾಕಿದಿರಲ್ಲ, ಸ್ವಾಮಿ?"

"ಅದು ನಾಟ್ಕ ಕಣಯ್ಯ!"

"ಹಾಗಾದರೆ ನಿಮ್ಮ ಈ ಮರ್ಯಾದೆ ಯಾವ ನಾಟಕ?"

ಅವಳು ನನ್ನ ವಾದಕ್ಕೆ ಕಾಯಲಿಲ್ಲ. ಕೊನೆಯ ಸೀಟಿಗೂ ಕೇಳುವ ಅದೇ ರಂಗದ ದನಿಯಲ್ಲಿ, "ನಾನು ಏಳಾಕಿಲ್ಲ ಕಣಣ್ಣ, ಮಗ ಹಾಲು ಕುಡೀತಾದೆ" ಎಂದಳು.

ಗೌಡರ ಹೆಂಡತಿ, "ಒಸಿ ಜರುಗವ್ವ" ಅಂತ ಅವಳ ಪಕ್ಕದಲ್ಲೇ ಕೂತರು. ಗೌಡರು ಕಂಬಿ ಹಿಡಿದು ನಿಂತೇ ಬಂದರು. ಅವರು ಇನ್ನಷ್ಟು ಹೊತ್ತು ನಿಲ್ಲಲಿ ಎನ್ನುತ್ತಿದ್ದ ನನ್ನ ಸಿಟ್ಟಿಗೆ ಮದ್ದೂರು ತೀರಾ ಹತ್ತಿರವಾಯಿತು.