ಲಹ್ತಿಗೆ

ಹೋದ ವಾರ ಸ್ಟೌಫ್‌ವಿಲ್ ಟ್ರೈನಿನಲ್ಲಿ ಎದುರು ಸೀಟಿನವರು ರೈ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ಎರಡು ದಿನ ಹೊರಗಿಟ್ಟ ದೋಸೆ ಹಿಟ್ಟಿನಂಥ ಹುಳಿ ವಾಸನೆ. ಪಕ್ಕದ ಮನೆಯ ಫಿನ್ಲೆಂಡ್ ಅಜ್ಜಿ ನೆನಪಾದರು...

ನಾವು ಆಗ ಈ ದೇಶಕ್ಕೂ ಆ ಬೀದಿಗೂ ಹೊಸಬರು. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಮಧ್ಯಾಹ್ನದ ಕಾಫಿ ಅಜ್ಜಿಯ ಮನೆಯಲ್ಲೇ, ಅಂಥದೇ ಬ್ರೆಡ್ಡಿನ ಜೊತೆ. ಅವರ ಹುಟ್ಟೂರು ಲಹ್ತಿ. ಹಾಗೆಂದರೆ ಕೊಲ್ಲಿ, ಸರೋವರದ ನೀರು ನೆಲದೊಳಕ್ಕೆ ಚಾಚಿಕೊಂಡ ಕಡೆ ಊರು ಬೆಳೆದದ್ದರಿಂದ ಆ ಹೆಸರಂತೆ. ಅದಕ್ಕೆ ಪ್ರತ್ಯಯ ಹಚ್ಚುವುದನ್ನೂ ಕಲಿಸಿದರು. ಲಹ್ತಿಯಲ್ಲಿ ಎನ್ನಲು ‘ಲಹ್ದೆಸ್ಸ’, ಲಹ್ತಿಯಿಂದ ಎನ್ನಲು ‘ಲಹ್ದೆಸ್ತ’. ಲಹ್ತಿಗೆ ಎನ್ನುವಾಗ ತಕಾರ ಹಾಗೇ ಉಳಿದು ‘ಲಹ್ತೇನ್’.

ತಕಾರ ದಕಾರವಾಗುವುದು ನಮ್ಮಲ್ಲೂ ಇದೆ, ‘ಬೆಟ್ಟ’ಕ್ಕೆ ‘ತಾವರೆ’ ಸೇರಿದರೆ ‘ಬೆಟ್ಟದಾವರೆ’ ಎಂದೆ. ಅಜ್ಜಿ ಮೇಜು ತಟ್ಟಿ ನಕ್ಕರು.

“ಹಾಗಾದ್ರೆ ನಾವಿಬ್ರೂ ನೆಂಟರು!”

ಅವರ ಮಗನಿಗೆ ಆ ಭಾಷೆ ಬರುತ್ತಿರಲಿಲ್ಲ. ಕಲಿಸಲಿಲ್ಲವಲ್ಲ ಎಂಬ ಕೊರಗು ಅಜ್ಜಿಗಿತ್ತು.

ಕೆಲವು ವರ್ಷಗಳ ಮೇಲೆ ಅಜ್ಜಿಗೆ ಮರೆವಿನ ಕಾಯಿಲೆ ಹಿಡಿಯಿತು. ಮಗ ವೃದ್ಧಾಶ್ರಮಕ್ಕೆ ಸೇರಿಸಿದರು. ಓಡಾಡುವಷ್ಟು ಗಟ್ಟಿಯಾಗಿಯೇ ಇದ್ದರು, ಆದರೆ ಇಂಗ್ಲಿಷ್ ಪೂರ್ತಿ ಹೊರಟುಹೋಗಿತ್ತು. ಒಂದು ದಿನ ನೋಡಲು ಹೋದಾಗ ಕೋಟು ತೊಟ್ಟು ಬಾಗಿಲ ಬಳಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು, “ಲಹ್ತೇನ್... ಲಹ್ತೇನ್...” ಎಂದರು.

“ಅಮ್ಮ ದಿನವಿಡೀ ಇದನ್ನೇ ಹೇಳ್ತಾಳೆ. ಏನದು?” ಪಕ್ಕದಲ್ಲಿದ್ದ ಮಗ ಕೇಳಿದರು.

ನನಗೆ ಅರ್ಥವಾಗಿತ್ತು. ಅಷ್ಟರಲ್ಲಿ ಫೋನು. ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ನನ್ನ ಗಂಡ, “ಬೇಗ ಬಾರೇ, ಪಾಪು ಸ್ವಿಮ್ಮಿಂಗ್ ಕ್ಲಾಸಿಗೆ ಲೇಟಾಗ್ತಿದೆ” ಎಂದ. ನಿಜ ಹೇಳಿದರೆ ಮಗ ಅಮ್ಮನನ್ನು ಇನ್ನಷ್ಟು ಕೇಳಿ ಹೇಳು ಎನ್ನುತ್ತಾರೆ, ಮತ್ತೆ ಮತ್ತೆ ಕರೆಸುತ್ತಾರೆ ಅನ್ನಿಸಿತು.

“ಅವರ ಊರಿನ ಹೆಸರು, ಅಷ್ಟೇ” ಎಂದು ಕೈ ಬಿಡಿಸಿಕೊಂಡು ಬಂದೆ.

ಆ ಚಳಿಗಾಲ ಕಳೆಯುವ ಮೊದಲೇ ಅಜ್ಜಿ ತೀರಿಕೊಂಡರು. ಇಲ್ಲೇ ಮಣ್ಣು ಮಾಡಿದರು. ಅವತ್ತು ಮಗ ನನ್ನ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ...

ಹೋದ ವಾರ ಟ್ರೈನಿನಿಂದ ಇಳಿದವಳೇ ಅವರಿಗೆ ಫೋನು ಮಾಡಿದೆ. ಅಮ್ಮ ಹೇಳುತ್ತಿದ್ದದ್ದು ಬರೀ ಊರಿನ ಹೆಸರಲ್ಲ, ಊರಿಗೆ ಹೋಗಬೇಕು ಅಂತಿದ್ದರು, ಅದು ನನಗೆ ಅವತ್ತೇ ಗೊತ್ತಿತ್ತು ಎಂದೆ. ಅವರು ಬೈಯಲಿಲ್ಲ.

“ಆಗ ನಂಗೆ ಮೂರು ವಾರ ರಜೆ ಇತ್ತು” ಎಂದಷ್ಟೇ ಹೇಳಿ ಫೋನಿಟ್ಟರು.

ಆ ಮೂರು ವಾರ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿಯ ಮನೆಯನ್ನು ಅವರು ಖಾಲಿ ಮಾಡಿದ್ದು ಆಗಲೇ. ಈಗ ಅಲ್ಲಿ ಬೇರೆ ಸಂಸಾರವಿದೆ. ಆಗ ಅಜ್ಜಿಯ ಪಾತ್ರೆಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿಕೊಟ್ಟವಳು ನಾನೇ.